ಅಂಪೈರ್ ಇಲ್ಲದ ಬೇಸಿಗೆ ಲೀಗ್

ಹಾಸನ ತಾಲ್ಲೂಕಿನ ದುದ್ದ ಹೋಬಳಿಯಲ್ಲಿ ಬೇಸಿಗೆ ಸಂಜೆಯ ಮೈದಾನ ಟೆನಿಸ್ ಬಾಲ್ ಕ್ರಿಕೆಟ್ಟಿಗೆ ಸೇರಿದ್ದು. ಅದನ್ನು ಅಲ್ಲಿಂದ ಎಬ್ಬಿಸುವ ಉದ್ದೇಶ ಈ ಲೇಖನಕ್ಕಿಲ್ಲ. ಎಬ್ಬಿಸಲು ಹೋದವರೇ ಮೈದಾನ ಬಿಡಬೇಕಾದೀತು. ಆದರೆ ಅದೇ ಮೈದಾನ ಬೆಳಗಿನ ಹೊತ್ತು ಖಾಲಿ ಇರುತ್ತದೆ. ಬೆಂಗಳೂರಿನಲ್ಲಿ ಓದುವ, ದುಡಿಯುವ ಹುಡುಗ ಹುಡುಗಿಯರು ರಜೆಗೆ ಬರುವಾಗ ಬ್ಯಾಗಿನಲ್ಲಿ ಒಂದು ಡಿಸ್ಕ್ ಹಾಕಿಕೊಂಡು ಬಂದರೆ ಅಲ್ಟಿಮೇಟ್ ಫ್ರಿಸ್ಬಿಯ ಒಂದು ಪುಟ್ಟ ಬೇಸಿಗೆ ಲೀಗ್ ನಡೆಸಲು ಅಷ್ಟು ಸಾಕು.

ಈ ಆಟ ಹುಟ್ಟಿದ್ದು 1968ರಲ್ಲಿ, ಅಮೆರಿಕದ ನ್ಯೂಜೆರ್ಸಿಯ ಮೇಪಲ್‌ವುಡ್ ಎಂಬ ಊರಿನ ಕೊಲಂಬಿಯಾ ಹೈಸ್ಕೂಲಿನಲ್ಲಿ. ಕರ್ನಾಟಕದ ಮಟ್ಟಿಗೆ ಇದರ ಮನೆ ಬೆಂಗಳೂರು. ಅಲ್ಲಿನ ಒಂದು ತಂಡ ‘ತಟ್ಟೆ ಇಡ್ಲಿ ಕಾಲ್ ಸೂಪ್’ ಎಂದು ಹೆಸರಿಟ್ಟುಕೊಂಡಿದೆ ಎಂದರೆ ಆಟ ಎಷ್ಟರಮಟ್ಟಿಗೆ ನಮ್ಮದಾಗಿದೆ ಎಂದು ಊಹಿಸಿಕೊಳ್ಳಿ.

ಡಿಸ್ಕ್‌ನ ತೂಕ 175 ಗ್ರಾಂ. ತಂಡಕ್ಕೆ ಏಳು ಜನ. ಅಂಗಳ 100 ಮೀಟರ್ ಉದ್ದ, 37 ಮೀಟರ್ ಅಗಲ. ಎರಡೂ ತುದಿಯ 18 ಮೀಟರ್ ಭಾಗ ಎಂಡ್ ಝೋನ್. ಎದುರಾಳಿಯ ಎಂಡ್ ಝೋನ್‌ನೊಳಗೆ ನಿಮ್ಮವರು ಯಾರಾದರೂ ಡಿಸ್ಕ್ ಹಿಡಿದರೆ ಒಂದು ಪಾಯಿಂಟ್. ಡಿಸ್ಕ್ ಕೈಯಲ್ಲಿದ್ದಾಗ ಓಡುವಂತಿಲ್ಲ, ಒಂದು ಕಾಲನ್ನು ಊರಿ ನಿಂತು ಎಸೆಯಬೇಕು. ಎದುರು ನಿಂತವನು ಗಟ್ಟಿಯಾಗಿ ಎಣಿಸುತ್ತಾನೆ. ಅವನ ಬಾಯಲ್ಲಿ ‘ಹತ್ತು’ ಶುರುವಾಗುವುದರೊಳಗೆ ಎಸೆಯದಿದ್ದರೆ ಡಿಸ್ಕ್ ಅವರದು. ನೆಲಕ್ಕೆ ಬಿದ್ದರೂ, ಗೆರೆಯಾಚೆ ಹೋದರೂ, ಎದುರಾಳಿ ತಡೆದರೂ ಅಷ್ಟೇ. ಹಳ್ಳಿ ಶಾಲೆಯ ಮೈದಾನ ಅಷ್ಟುದ್ದ ಇಲ್ಲದಿದ್ದರೆ ಮರಳಿನ ಮೇಲೆ ಆಡುವವರ ಅಳತೆ ಅನುಸರಿಸಬಹುದು: 75 ಮೀಟರ್ ಉದ್ದ, 25 ಮೀಟರ್ ಅಗಲ, 15 ಮೀಟರಿನ ಎಂಡ್ ಝೋನ್, ತಂಡಕ್ಕೆ ಐವರು. ಗೆರೆಗೆ ಸುಣ್ಣದ ಪುಡಿ, ಮೂಲೆಗೆ ಚಪ್ಪಲಿ.

ನಿಯಮ ಹತ್ತು ನಿಮಿಷದಲ್ಲಿ ತಲೆಗೆ ಹತ್ತುತ್ತದೆ. ಹತ್ತದೇ ಇರುವುದು ಅಂಪೈರ್ ಇಲ್ಲ ಎನ್ನುವ ಸಂಗತಿ. ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ ಇಲ್ಲ. ಕೈ ತಾಗಿತು ಅನ್ನಿಸಿದವನೇ ‘ಫೌಲ್’ ಎನ್ನುತ್ತಾನೆ, ಆಟ ನಿಲ್ಲುತ್ತದೆ. ತಾಗಿಸಿದವನು ಒಪ್ಪಿದರೆ ಡಿಸ್ಕ್ ಕೇಳಿದವನಿಗೆ. ಒಪ್ಪದಿದ್ದರೆ ಅದು ಹಿಂದೆ ಎಸೆದವನ ಕೈಗೆ ಮರಳುತ್ತದೆ, ಆ ಎಸೆತ ನಡೆದೇ ಇಲ್ಲ ಎಂಬಂತೆ ಆಟ ಮುಂದುವರಿಯುತ್ತದೆ. ರನೌಟ್ ವಿಚಾರಕ್ಕೆ ಅರ್ಧ ಗಂಟೆ ಜಗಳವಾಡಿ ಬ್ಯಾಟ್ ಇದ್ದವನೇ ಗೆಲ್ಲುವ ಸಂಪ್ರದಾಯದಲ್ಲಿ ಬೆಳೆದ ನಮಗೆ ಈ ವ್ಯವಸ್ಥೆ ಮೊದಲು ಅನುಮಾನದ್ದಾಗಿಯೇ ಕಾಣುತ್ತದೆ. ಎಲ್ಲರೂ ಸುಳ್ಳು ಹೇಳಿದರೆ? ಹೇಳಬಹುದು, ಆದರೆ ಲಾಭ ಕಡಿಮೆ: ಒಪ್ಪದಿದ್ದರೂ ಡಿಸ್ಕ್ ಎಸೆದ ತಂಡದಲ್ಲೇ ಉಳಿಯುತ್ತದೆ. ಆಟ ಮುಗಿದ ಮೇಲೆ ಎದುರಾಳಿಗಳು ನಿಮಗೆ ಅಂಕ ಕೊಡುವುದೂ ಉಂಟು. ನಿಯಮದ ಅರಿವು, ಮೈ ತಾಗಿಸದ ಎಚ್ಚರ, ನ್ಯಾಯಬುದ್ಧಿ, ನಡವಳಿಕೆ, ಮಾತು, ಈ ಐದರಲ್ಲಿ ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕು. ಇದಕ್ಕೆ ಸ್ಪಿರಿಟ್ ಸ್ಕೋರ್ ಎನ್ನುತ್ತಾರೆ. ಕಪ್ ಗೆದ್ದವರಿಗೆ ಕೊಡುವ ಚಪ್ಪಾಳೆಯನ್ನೇ ಇದರಲ್ಲಿ ಮೇಲೆ ಬಂದ ತಂಡಕ್ಕೂ ಕೊಡಿ. ಅದಿಲ್ಲದಿದ್ದರೆ ಎರಡನೇ ವಾರಕ್ಕೇ ಹಳೆಯ ಗಲಾಟೆ ಮರುಕಳಿಸುತ್ತದೆ.

ತಂಡ ಕಟ್ಟುವಾಗ ಗೆಳೆಯರ ಗುಂಪುಗಳನ್ನು ಹಾಗೇ ಬಿಡಬೇಡಿ. ಎಸೆಯಬಲ್ಲವರು, ಓಡಬಲ್ಲವರು, ಹೊಸಬರು ಎಂದು ಚೀಟಿ ಬೇರೆ ಬೇರೆ ಮಾಡಿ ಎತ್ತಿ. ಪ್ರತಿ ಪಾಯಿಂಟ್ ಆದ ಮೇಲೆ ಆಟಗಾರರನ್ನು ಬದಲಿಸಬಹುದಾದ್ದರಿಂದ ಏಳರ ಆಟಕ್ಕೆ ತಂಡದಲ್ಲಿ ಹನ್ನೊಂದೋ ಹನ್ನೆರಡೋ ಜನ ಇದ್ದರೆ ಸರಿ. ಒಂಬತ್ತಿದ್ದರೆ ಇಬ್ಬರು ಮದುವೆಗೆ ಹೋದ ದಿನ ಉಳಿದವರ ಉಸಿರು ನಿಲ್ಲುತ್ತದೆ; ಹದಿನೈದಿದ್ದರೆ ಬದಿಯಲ್ಲಿ ಕೂತವರು ಮೊಬೈಲು ತೆಗೆಯುತ್ತಾರೆ.

ಇಂಥ ಲೀಗ್ ಕೆಡುವುದು ಸಾಮಾನ್ಯವಾಗಿ ಚೆನ್ನಾಗಿ ಆಡುವವನಿಂದ. ಐವತ್ತು ಮೀಟರ್ ಎಸೆಯಲು ಬರುವ ಹುಡುಗ ಪ್ರತಿ ಸಲ ಐವತ್ತು ಮೀಟರೇ ಎಸೆಯುತ್ತಾನೆ. ಹತ್ತರಲ್ಲಿ ಎರಡು ಸಿಕ್ಕರೆ ಎಲ್ಲರೂ ಕೂಗುತ್ತಾರೆ, ಎಂಟು ಸಲ ಉಳಿದವರು ವೃಥಾ ಓಡುತ್ತಾರೆ. ಮಿಶ್ರ ತಂಡದಲ್ಲಿ ಇನ್ನೊಂದು ಕಾಯಿಲೆ. ನಾಲ್ವರು ಹುಡುಗರು, ಮೂವರು ಹುಡುಗಿಯರು ಅಂಗಳದಲ್ಲಿದ್ದರೂ ಡಿಸ್ಕ್ ಹುಡುಗರ ನಡುವೆಯೇ ಸುತ್ತುತ್ತದೆ. ಹುಡುಗಿ ಎಂಡ್ ಝೋನ್‌ನಲ್ಲಿ ಒಬ್ಬಳೇ ಕೈ ಎತ್ತಿ ನಿಂತಿರುತ್ತಾಳೆ, ಎಸೆಯುವವನ ಕಣ್ಣು ಅವಳನ್ನು ದಾಟಿ ಗೆಳೆಯನನ್ನು ಹುಡುಕುತ್ತದೆ. ಎರಡು ಭಾನುವಾರ ಹೀಗಾದರೆ ಮೂರನೆಯದಕ್ಕೆ ಅವಳು ಬರುವುದಿಲ್ಲ, ನ್ಯಾಯವಾಗಿಯೇ ಬರುವುದಿಲ್ಲ. ಹತ್ತಿರ ಖಾಲಿ ಇರುವವರಿಗೆ ಮೊದಲು ಕೊಡಿ ಎಂಬ ಒಂದೇ ಮಾತನ್ನು ನಾಯಕರು ಹಟ ಹಿಡಿದು ಹೇಳುತ್ತಿದ್ದರೆ ಎರಡೂ ಕಾಯಿಲೆ ಒಟ್ಟಿಗೆ ಇಳಿಯುತ್ತವೆ. ಸಾಧಾರಣ ತಂಡಗಳು ಗೆಲ್ಲುವುದೂ ಹತ್ತು ಮೀಟರಿನ ಎಸೆತಗಳಿಂದಲೇ.

ಇನ್ನು ಗಾಳಿ. ಬಯಲಿನಲ್ಲಿ ಬಿಸಿಲೇರಿದಂತೆ ಅದೂ ಏರುತ್ತದೆ. ಎದುರುಗಾಳಿಗೆ ಡಿಸ್ಕ್ ಮೇಲೆದ್ದು ತೇಲಿ ಹಿಂದಕ್ಕೇ ಬರುತ್ತದೆ. ಮೂತಿ ತಗ್ಗಿಸಿ, ಮಣಿಕಟ್ಟಿನಿಂದ ಹೆಚ್ಚು ಸುತ್ತು ಕೊಟ್ಟು ಎಸೆಯಬೇಕು. ಬೆನ್ನಗಾಳಿ ಅದನ್ನು ನೆಲಕ್ಕೆ ಒತ್ತುತ್ತದೆ, ಆಗ ತುಸು ಎತ್ತರಕ್ಕೆ ಬಿಡಬೇಕು. ಪಕ್ಕದಿಂದ ಬೀಸಿದರೆ ಗಾಳಿಯ ಕಡೆಯ ಅಂಚು ಮೇಲೇಳದಂತೆ ನೋಡಿಕೊಳ್ಳಿ; ಅಂಚಿನಡಿ ಗಾಳಿ ಹೊಕ್ಕರೆ ಡಿಸ್ಕ್ ಪಕ್ಕದ ಹೊಲಕ್ಕೆ. ಪ್ರತಿ ಪಾಯಿಂಟಿಗೂ ದಿಕ್ಕು ಬದಲಾಗುವುದರಿಂದ ಗಾಳಿಯ ಸುಖದುಃಖ ಇಬ್ಬರಿಗೂ ಸಮ. ಹೊಸಬರಿಗೆ ಬೆಳಿಗ್ಗೆ ಆರೂವರೆಯಿಂದ ಎಂಟೂವರೆಯೇ ಒಳ್ಳೆಯದು.

ಏಪ್ರಿಲ್‌ನ ನೆಲ ಕಲ್ಲಿನಂತೆ ಒಣಗಿರುತ್ತದೆ. ಯೂಟ್ಯೂಬ್‌ನಲ್ಲಿ ಹುಲ್ಲಿನ ಮೇಲೆ ಹಾರಿ ಬೀಳುವವರನ್ನು ನೋಡಿ ಇಲ್ಲಿ ಹಾರಿದರೆ ಮೊಣಕಾಲಿನ ಚರ್ಮ ಅಲ್ಲೇ ಉಳಿಯುತ್ತದೆ. ಹಾರುವುದನ್ನು ಲೀಗ್‌ನಲ್ಲೇ ನಿಷೇಧಿಸಿದರೂ ತಪ್ಪಿಲ್ಲ. ಆಟಕ್ಕೆ ಮುಂಚೆ ಕಲ್ಲು ಆರಿಸಿ, ಗುಂಡಿಗೆ ಮಣ್ಣು ತುಂಬಿ: ಓಡುತ್ತ ದಿಢೀರನೆ ತಿರುಗುವ ಆಟವಾದ್ದರಿಂದ ಕಣಕಾಲು ಉಳುಕುವುದೇ ಹೆಚ್ಚು. ಭರಣಿ ಮಳೆಯ ಸಮಯದಲ್ಲಿ ಗುಡುಗು ಕೇಳಿದರೆ ಬಯಲು ಬಿಟ್ಟು ಕಟ್ಟಡದೊಳಗೆ ಹೋಗಿ, ಮರದಡಿ ನಿಲ್ಲಬೇಡಿ. ಕೊನೆಯ ಗುಡುಗಾಗಿ ಅರ್ಧ ಗಂಟೆ ಕಳೆಯುವವರೆಗೆ ಮರಳಬೇಡಿ.

ವೇಳಾಪಟ್ಟಿಯನ್ನು ಶಾಲೆಯ ರಜೆ ನೋಡಿ ಮಾತ್ರ ಹಾಕಿದರೆ ಸಾಲದು. ಏಪ್ರಿಲ್ ತುಂಬ ಜಾತ್ರೆ, ಮದುವೆ. ಮೇ ತಿಂಗಳಲ್ಲಿ ಹಾಸನದ ಎಪಿಎಂಸಿಗೆ ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಆಲೂಗಡ್ಡೆ ಬರುತ್ತದೆ. ಆಲೂಗಡ್ಡೆ ಬೆಳೆಯುವ ಮನೆಯ ಹುಡುಗರು ಆಮೇಲೆ ಮೈದಾನದ ಕಡೆ ಬರುವುದು ಕಷ್ಟ, ಮಳೆ ಬಿದ್ದರಂತೂ ಹೊಲವೇ ಗತಿ. ಹಾಗಾಗಿ ನಾಲ್ಕು ತಂಡ, ಪ್ರತಿಯೊಬ್ಬರೂ ಉಳಿದ ಮೂವರೊಡನೆ ಒಮ್ಮೆ, ಆಮೇಲೆ ಫೈನಲ್. ಅದೂ ಮೇ ಮೊದಲ ವಾರದೊಳಗೆ ಮುಗಿಯಲಿ.