ಫೀಸು ಕಟ್ಟಿದ್ದು ಯಾರು?

ಮಳವಳ್ಳಿಯ ಶಿಕ್ಷಕಿಯೊಬ್ಬರು ಕೇಳಿದರು: "ಸಾರ್, ಮಗ ನನ್ ಹತ್ರ ಅವ್ನೆ, ಫೀಸ್ ನಾನೇ ಕಟ್ತೀನಿ. ರಸೀದೀಲಿ ಅಪ್ಪನ ಹೆಸರದೆ ಅಂತ ಮದ್ದೂರಲ್ಲಿ ಕೂತ್ಕೊಂಡು ಅವ್ರು ಟ್ಯಾಕ್ಸ್ ಉಳಿಸ್ಕೊತಾವ್ರೆ. ಇದ್ಯಾವ ನ್ಯಾಯ?"

ನ್ಯಾಯ ಅಲ್ಲವೇ ಅಲ್ಲ. ಗಂಡ ಹೆಂಡತಿ ದೂರವಾದ ಮೇಲೂ ತೆರಿಗೆ ಕಾನೂನು ಕೇಳೋದು ಒಂದೇ ಪ್ರಶ್ನೆ: ಬೋಧನಾ ಶುಲ್ಕ ಕಟ್ಟಿದ್ದು ಯಾರು? ಅವರಿಗೇ ವಿನಾಯಿತಿ. ಇತರ ಉಳಿತಾಯವೂ ಸೇರಿ ವರ್ಷಕ್ಕೆ 1.5 ಲಕ್ಷದವರೆಗೆ, ಇಬ್ಬರು ಮಕ್ಕಳಿಗೆ. ಇಬ್ಬರೂ ಅರ್ಧರ್ಧ ಕಟ್ಟಿದರೆ ಅವರವರ ಪಾಲು ಅವರವರಿಗೆ. ಡೊನೇಷನ್, ವ್ಯಾನ್ ಬಾಡಿಗೆ ಲೆಕ್ಕಕ್ಕಿಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗಂತೂ ಇದು ಇಲ್ಲವೇ ಇಲ್ಲ. ಎಷ್ಟೋ ಜಗಳ ಅಲ್ಲೇ ಮುಗಿಯುತ್ತೆ!

ಆ ತಾಯಿಗೆ ಹೇಳಿದೆ: ಇನ್ನು ಮೇಲೆ ನಗದು ಕೊಡಬೇಡಿ, ನಿಮ್ಮ ಖಾತೆಯಿಂದಲೇ ಕಟ್ಟಿ. ರಸೀದಿ ನಿಮ್ಮ ಹೆಸರಲ್ಲೇ ಬರೆಸಿಕೊಳ್ಳಿ.