ಪರದೆ ಎತ್ತಿದರೆ ದೊರೆ ಮನೆಯಲ್ಲಿಲ್ಲ

ಹೈದರಾಬಾದಿನ ಅಬಿಡ್ಸ್‌ಗೆ ನಾನು ಹೋಗುವುದು ಭಾನುವಾರ. ಅಂದು ಅಂಗಡಿಗಳ ಮುಂದಿನ ಫುಟ್‌ಪಾತ್ ತುಂಬ ಹಳೆಯ ಪುಸ್ತಕ. ಚೀಲ ತುಂಬಿದ ಮೇಲೆ ಕಿಂಗ್ ಕೋಠಿ ಅರಮನೆಯವರೆಗೆ ನಡೆದುಕೊಂಡೇ ಹೋಗಿ ಬರುತ್ತೇನೆ.

ಕಲಬುರಗಿ ಜಿಲ್ಲೆಯ ಸೇಡಂನ ನಮ್ಮ ಮನೆಯ ಟ್ರಂಕಿನಲ್ಲಿ ಹೊಲದ ಹಳೆಯ ಕಾಗದಗಳಿವೆ, ಎಲ್ಲವೂ ಉರ್ದು. ಓದಬಲ್ಲವನು ಮುತ್ಯಾ ಒಬ್ಬನೇ ಇದ್ದ. ಯಾವ ಕೆಲಸ ತಡವಾದರೂ ‘ಹುಕುಂ ಹೈದ್ರಾಬಾದಿನಿಂದ ಬರಬೇಕಲ್ಲಪ್ಪಾ’ ಎನ್ನುತ್ತಿದ್ದ. ಆ ಹೈದರಾಬಾದ್ ಅಂದರೆ ಕಡೆಗೆ ಈ ಕೋಠಿಯೇ. 1911ರಲ್ಲಿ ಪಟ್ಟಕ್ಕೆ ಬಂದ ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಹಿರಿಯರ ಚೌಮಹಲ್ಲಾ ಅರಮನೆಗೆ ಹೋಗದೆ ಇಲ್ಲಿಯೇ ಉಳಿದ. ಕಲಬುರಗಿ, ರಾಯಚೂರು, ಬೀದರ್ ಆಗ ಅವನ ರಾಜ್ಯದಲ್ಲಿದ್ದವು.

ಕೋಠಿ ಕಟ್ಟಿಸಿದವನು ಕಮಾಲ್ ಖಾನ್ ಎಂಬಾತ. ಬಾಗಿಲು, ಕಿಟಕಿಗಳ ಮೇಲೆ ತನ್ನ ಹೆಸರಿನ ‘ಕೆಕೆ’ ಅಕ್ಷರ ಕೆತ್ತಿಸಿದ್ದನಂತೆ. ಮನೆ ಅರಸನ ಕೈಗೆ ಬಂದಾಗ ಆ ಅಕ್ಷರಗಳನ್ನು ಅಳಿಸದೆ, ಅವುಗಳಿಗೆ ಹೊಂದುವ ‘ಕಿಂಗ್ ಕೋಠಿ’ ಎಂಬ ಹೆಸರು ಇಟ್ಟರೆಂದು ಹೇಳುತ್ತಾರೆ.

ನನ್ನನ್ನು ಹಿಡಿದು ನಿಲ್ಲಿಸುವುದು ಪರದಾ ಗೇಟ್. ಈ ಬಾಗಿಲಿಗೆ ದೊಡ್ಡ ಪರದೆ ಇಳಿಬಿಟ್ಟಿರುತ್ತಿತ್ತು. ದೊರೆ ಹೊರಗೆ ಹೋದಾಗ ಅದನ್ನು ಎತ್ತುತ್ತಿದ್ದರು. ಪರದೆ ಇಳಿದಿದ್ದರೆ ಒಳಗಿದ್ದಾನೆಂದು ಊರಿಗೆ ತಿಳಿಯುತ್ತಿತ್ತು. ಟೈಮ್ ಪತ್ರಿಕೆ 1937ರಲ್ಲಿ ಮುಖಪುಟದಲ್ಲಿ ಹಾಕಿದ ಸಿರಿವಂತ ಇವನೇ. 184 ಕ್ಯಾರಟ್ ಮೀರಿದ ಜೇಕಬ್ ವಜ್ರವನ್ನು ಕಾಗದ ಹಾರದಂತೆ ಮೇಜಿನ ಮೇಲೆ ಇಟ್ಟುಕೊಂಡಿದ್ದನೆಂಬುದು ಊರಿಗೆಲ್ಲ ಗೊತ್ತಿರುವ ಕತೆ.

ನಿಜಾಮನ ಪರ ನಿಂತಿದ್ದ ರಜಾಕಾರರ ದಂಡಿನ ಹೆಸರೆತ್ತಿದರೆ ಮುತ್ಯಾ ಸುಮ್ಮನಾಗುತ್ತಿದ್ದ. ಆ ಮೌನವನ್ನೂ ನಾನು ಈ ಗೇಟಿನವರೆಗೆ ಹೊತ್ತು ತಂದಿದ್ದೇನೆ. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮನ ಆಳ್ವಿಕೆ ಮುಗಿಯಿತು. ಆಮೇಲೆ ಅವನು ರಾಜ್ಯಪಾಲರಂಥ ಹುದ್ದೆಯಾದ ರಾಜಪ್ರಮುಖನಾಗಿದ್ದ. 1956ರ ನವೆಂಬರ್ 1ರಂದು ರಾಜ್ಯವೇ ಹಂಚಿಹೋಗಿ ನಮ್ಮ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. 1967ರ ಫೆಬ್ರುವರಿ 24ರಂದು ನಿಜಾಮ ಇದೇ ಕೋಠಿಯಲ್ಲಿ ತೀರಿಕೊಂಡ. ಎದುರಿನ ಜೂದಿ ಮಸೀದಿಯಲ್ಲಿ, ತಾಯಿಯ ಪಕ್ಕದಲ್ಲಿ ಅವನ ಗೋರಿಯಿದೆ.

ಕೋಠಿಯ ಆವರಣದ ಒಂದು ಭಾಗದಲ್ಲಿ ಈಗ ಸರ್ಕಾರಿ ಆಸ್ಪತ್ರೆ. ಬಡವರಿಗೆ ಮದ್ದು ಸಿಗುವ ಜಾಗವಾಯಿತು, ಒಳ್ಳೆಯದೇ. ಆದರೆ ಉಳಿದ ಹಳೆಯ ಕಟ್ಟಡಗಳು ಹಾಳುಬೀಳುವುದನ್ನು ನೋಡಲಾಗದು. ಅರಸನ ಮೇಲಿನ ಸಿಟ್ಟಿಗೆ ಅವನ ಮನೆ ಬೀಳಲಿ ಎನ್ನುವುದು ತಪ್ಪು. ನಮ್ಮ ಹೊಲ, ಕಂದಾಯ, ಭಯ ಎಲ್ಲದರ ತೀರ್ಮಾನವಾಗುತ್ತಿದ್ದ ಜಾಗ ಅದು. ಕಲಬುರಗಿ, ರಾಯಚೂರು, ಬೀದರ್ ಕಡೆಯಿಂದ ಅಬಿಡ್ಸ್‌ಗೆ ಬಟ್ಟೆ ಕೊಳ್ಳಲು ಬರುವವರು ಒಮ್ಮೆ ಮಕ್ಕಳನ್ನು ಕರೆದುಕೊಂಡು ಆ ಗೇಟಿನವರೆಗೆ ಹೋಗಿಬನ್ನಿ. ಮನೆಯಲ್ಲಿ ಉರ್ದು ಕಾಗದಗಳಿದ್ದರೆ, ಓದಬಲ್ಲ ಹಿರಿಯರು ಇರುವಾಗಲೇ ಓದಿಸಿ ಬರೆದಿಟ್ಟುಕೊಳ್ಳಿ.