ಪಂಪ್ ಕೆಟ್ಟಿಲ್ಲ ಮಾಸ್ಟ್ರೆ

ಪೆಟ್ರೋಲ್ ಕಾರಿನ ಕೀಲಿಯನ್ನು ಪೂರ್ತಿ ತಿರುಗಿಸದೆ 'ಆನ್'ಗೆ ಮಾತ್ರ ತಂದು ಕಿವಿಗೊಟ್ಟರೆ, ಹಿಂದಿನ ಸೀಟಿನ ಅಡಿಯಿಂದ 'ಗುಂಯ್' ಎಂಬ ಸದ್ದು ಎರಡು ಮೂರು ಸೆಕೆಂಡು ಕೇಳಿ ನಿಂತುಹೋಗುತ್ತದೆ. ಹಾಡು ಹಾಕಿಕೊಂಡೇ ಕಾರು ಹೊರಡಿಸುವವರಿಗೆ ಇಂಥದೊಂದು ಸದ್ದು ಇದೆಯೆಂಬುದೇ ಗೊತ್ತಿರುವುದಿಲ್ಲ. ಆಟೋ ಎಲೆಕ್ಟ್ರಿಷಿಯನ್ನನಿಗೆ ಮಾತ್ರ ಅರ್ಧ ವಿಷಯ ಅಲ್ಲೇ ತಿಳಿಯುತ್ತದೆ. ಸ್ಟಾರ್ಟ್ ಆಗದ ಕಾರಿನ ಹತ್ತಿರ ಬಂದವನು ಬಾನೆಟ್ ಎತ್ತುವ ಮೊದಲು ಹಿಂದಿನ ಬಾಗಿಲು ತೆಗೆದು, ಸೀಟಿಗೆ ಕಿವಿ ಹಚ್ಚಿ, "ಕೀ ಆನ್ ಮಾಡಿ ಸಾರ್" ಎನ್ನುತ್ತಾನೆ.

ಗ್ಯಾರೇಜುಗಳ ಸಾಲಿನಲ್ಲಿ ಇವರ ಅಂಗಡಿಯೇ ಚಿಕ್ಕದು. ಮೂಲೆಯಲ್ಲಿ ಬ್ಯಾಟರಿ ಚಾರ್ಜರ್, ಬಿಚ್ಚಿಟ್ಟ ಸೆಲ್ಫ್ ಮೋಟಾರು, ಮೊಳೆಗೆ ನೇತುಹಾಕಿದ ಬಣ್ಣಬಣ್ಣದ ವೈರಿನ ಸುರುಳಿ, ಎರಡು ವೈರಿನ ತುದಿಗೆ ಬೆಸೆದ ಒಂದು ಬಲ್ಬು. ಮೆಕ್ಯಾನಿಕ್ಕಿನ ಕೈಯಲ್ಲಿ ಗ್ರೀಸ್ ಇದ್ದರೆ ಇವರ ಬೆರಳಿಗೆ ಇನ್ಸುಲೇಷನ್ ಟೇಪಿನ ಅಂಟು. ಪ್ಲಗ್ ಬದಲಾಯಿಸಿ, ಫಿಲ್ಟರ್ ಬದಲಾಯಿಸಿ, ಕೊನೆಗೆ ಪಂಪನ್ನೂ ಬದಲಾಯಿಸಿ ಸೋತ ಮೇಲೆ ಇವರಿಗೆ ಫೋನು ಹೋಗುವುದು ನಮ್ಮ ಊರುಗಳ ವಾಡಿಕೆ. ಇವರನ್ನು ಮೊದಲೇ ಕರೆದಿದ್ದರೆ ಎಷ್ಟೋ ಪಂಪುಗಳು ಗುಜರಿಗೆ ಹೋಗುತ್ತಿರಲಿಲ್ಲ.

ಹಿಂದೆ ಈ ತಾಪತ್ರಯವೇ ಇರಲಿಲ್ಲ. ಕಾರ್ಬೊರೇಟರ್ ಕಾಲದ ಮಾರುತಿ 800ರಲ್ಲಿ ಪೆಟ್ರೋಲ್ ಎಳೆಯುತ್ತಿದ್ದುದು ಎಂಜಿನ್ನಿನ ಪಕ್ಕದಲ್ಲೇ ಕೂತ ಡಯಾಫ್ರಮ್ ಪಂಪು. ಅದಕ್ಕೆ ವೈರೇ ಇಲ್ಲ. ಎಂಜಿನ್ ತಿರುಗಿದಂತೆ ಅದೂ ಒತ್ತುತ್ತಿತ್ತು. 2000ದ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾಗುತ್ತ ಬಂದಂತೆ ಇಂಜೆಕ್ಷನ್ ಎಂಜಿನ್ನುಗಳು ಬಂದವು. ಇಂಜೆಕ್ಟರಿಗೆ ಸುಮಾರು 3 ಬಾರ್ ಒತ್ತಡದ ಪೆಟ್ರೋಲ್ ಬೇಕು, ಹಳೆಯ ಪಂಪಿನದ್ದಕ್ಕಿಂತ ಹತ್ತು ಪಟ್ಟು ಹೆಚ್ಚು. ಹಾಗಾಗಿ ಕರೆಂಟಿನ ಮೋಟಾರು ಬಂತು. ಅದನ್ನು ಟ್ಯಾಂಕಿನೊಳಗೆ ಪೆಟ್ರೋಲಿನಲ್ಲೇ ಮುಳುಗಿಸಿಟ್ಟರು, ಏಕೆಂದರೆ ಅದನ್ನು ತಣ್ಣಗಿಡುವುದು ಆ ಪೆಟ್ರೋಲೇ. ಯಾವಾಗಲೂ ರಿಸರ್ವಿನಲ್ಲೇ ಓಡಿಸುವವರ ಪಂಪು ಬೇಗ ಸಾಯುವುದು ಇದೇ ಕಾರಣಕ್ಕೆ. ಎಲ್‌ಪಿಜಿ, ಸಿಎನ್‌ಜಿ ಕಿಟ್ ಹಾಕಿಸಿಕೊಂಡು ಟ್ಯಾಂಕಿನಲ್ಲಿ ಅರ್ಧ ಲೀಟರ್ ಪೆಟ್ರೋಲ್ ಇಟ್ಟುಕೊಳ್ಳುವ ಟ್ಯಾಕ್ಸಿಯವರ ಪಂಪು, ಗ್ಯಾಸಿನಲ್ಲಿ ಓಡುವಾಗಲೂ ತಿರುಗುವಂತೆ ವೈರಿಂಗ್ ಮಾಡಿದ್ದರೆ, ಇನ್ನೂ ಬೇಗ.

ಕರೆಂಟಿನ ದಾರಿ ಕಾಗದದ ಮೇಲೆ ಸರಳ. ಬ್ಯಾಟರಿಯಿಂದ ಫ್ಯೂಸು, ಫ್ಯೂಸಿನಿಂದ ರಿಲೇ ಎಂಬ ಸ್ವಿಚ್ಚು, ರಿಲೇಯಿಂದ ಕಾರಿನ ಉದ್ದಕ್ಕೂ ನೆಲಹಾಸಿನ ಅಡಿಯಲ್ಲಿ ಸಾಗಿ ಪಂಪು, ಪಂಪಿನಿಂದ ಬಾಡಿಯ ಅರ್ಥಿಂಗು, ಬಾಡಿಯ ಮೂಲಕ ಮರಳಿ ಬ್ಯಾಟರಿ. ರಿಲೇಯನ್ನು ಯಾವಾಗ ಎಳೆಯಬೇಕು, ಯಾವಾಗ ಬಿಡಬೇಕು ಎಂದು ತೀರ್ಮಾನಿಸುವುದು ಎಂಜಿನ್ನಿನ ಕಂಪ್ಯೂಟರು, ಅಂದರೆ ಇಸಿಯು. ಎಂಜಿನ್ ತಿರುಗುತ್ತಿದೆ ಎಂದು ಕ್ರ್ಯಾಂಕ್ ಸೆನ್ಸರ್ ಹೇಳುವ ತನಕ ಪಂಪಿಗೆ ಆ ಎರಡು ಮೂರು ಸೆಕೆಂಡಿನ ಕರೆಂಟಷ್ಟೇ. ಅಪಘಾತದಲ್ಲಿ ಪೈಪು ಒಡೆದು ಎಂಜಿನ್ ನಿಂತಾಗ ಪಂಪು ಮಾತ್ರ ಪೆಟ್ರೋಲ್ ಚಿಮ್ಮಿಸುತ್ತಿರಬಾರದಲ್ಲ! ಫೋರ್ಡ್, ಫಿಯೆಟ್‌ನ ಕೆಲವು ಕಾರುಗಳಲ್ಲಿ ಇದರ ಮೇಲೆ ಇನರ್ಷಿಯಾ ಸ್ವಿಚ್ ಎಂಬ ಇನ್ನೊಂದು ಕಾವಲು. ಡಿಕ್ಕಿಯಾದರೆ ಅದು ಪಂಪಿನ ಕರೆಂಟ್ ಕತ್ತರಿಸುತ್ತದೆ. ನಮ್ಮ ರಸ್ತೆಯ ಗುಂಡಿಗೆ ಚಕ್ರ ಧೊಪ್ಪೆಂದು ಬಿದ್ದರೂ ಒಮ್ಮೊಮ್ಮೆ ಕತ್ತರಿಸುತ್ತದೆ. ಅದರ ಬಟನ್ ಒತ್ತಿದರೆ ಮುಗಿಯುವ ಕೆಲಸಕ್ಕೆ ಟೋಯಿಂಗ್ ಗಾಡಿ ತರಿಸಿದವರಿದ್ದಾರೆ.

ದಾರಿ ಸರಳ ಅಂದೆ. ಹುಡುಕಾಟ ಹಾಗಲ್ಲ. ಉಡುಪಿಯ ಒಂದು ಅಂಗಡಿಯಲ್ಲಿ ನಾನು ಕಂಡದ್ದನ್ನೇ ಹೇಳುತ್ತೇನೆ. ನಿವೃತ್ತ ಶಾಲಾ ಮಾಸ್ತರರೊಬ್ಬರ ಹಳೆಯ ಹ್ಯಾಚ್‌ಬ್ಯಾಕ್ ಬಂದಿತ್ತು. ಏರಿನಲ್ಲಿ ಜಗ್ಗುತ್ತದೆ, ಒಮ್ಮೊಮ್ಮೆ ನಿಂತೇ ಹೋಗುತ್ತದೆ. ಬೇರೆ ಕಡೆ ಹೊಸ ಪಂಪು ಹಾಕಿಸಿ ತಿಂಗಳಾಗಿಲ್ಲ, ಮತ್ತೆ ಅದೇ ಕತೆ. ಎಲೆಕ್ಟ್ರಿಷಿಯನ್ ಸೀಟೆತ್ತಿ, ಟ್ಯಾಂಕಿನ ಮೇಲಿನ ಕಪ್ಲರ್ ಬಿಚ್ಚಿ, ಕೀ ಆನ್ ಮಾಡಿಸಿ ಮೀಟರ್ ಇಟ್ಟರು. 12.3 ವೋಲ್ಟ್. ಬ್ಯಾಟರಿಯಲ್ಲಿ 12.4. ಕರೆಂಟು ಸರಿಯಾಗಿಯೇ ಬರುತ್ತಿದೆ ಎಂದಾಯಿತು, ಹಾಗಿದ್ದರೆ ತಪ್ಪು ಪಂಪಿನದೇ. ಹೊಸ ಪಂಪು ಹಾಕಿದವರು ಇಲ್ಲಿಗೇ ಮೀಟರ್ ಮಡಚಿಟ್ಟಿದ್ದರು ಎಂದು ಕಾಣುತ್ತದೆ.

ಇವರು ಮಡಚಲಿಲ್ಲ. ಕಪ್ಲರನ್ನು ಮತ್ತೆ ಜೋಡಿಸಿದರು. ಫ್ಯೂಸ್ ಬಾಕ್ಸಿನಲ್ಲಿ ರಿಲೇ ಕಿತ್ತು, ಅದರ 30 ಮತ್ತು 87ನೇ ನಂಬರಿನ ಕಿಂಡಿಗಳ ನಡುವೆ ಫ್ಯೂಸ್ ಇರುವ ತುಂಡು ವೈರು ಕೊಟ್ಟು ಪಂಪು ಬಿಡದೆ ತಿರುಗುವಂತೆ ಮಾಡಿದರು. ಇದಕ್ಕೆ ಅವರ ಭಾಷೆಯಲ್ಲಿ 'ಡೈರೆಕ್ಟ್ ಕೊಡುವುದು' ಎನ್ನುತ್ತಾರೆ. ಆಮೇಲೆ ಕಪ್ಲರಿನ ಹಿಂಬದಿಯಿಂದ ಎರಡು ಗುಂಡುಸೂಜಿ ತೂರಿಸಿ ಅಳೆದರೆ 9.7 ವೋಲ್ಟ್. ಖಾಲಿ ಇದ್ದಾಗ 12.3 ತೋರಿಸಿದ ವೈರು ಕೆಲಸಕ್ಕೆ ಹಚ್ಚಿದ ಕೂಡಲೇ ಎರಡೂವರೆ ವೋಲ್ಟನ್ನು ದಾರಿಯಲ್ಲೇ ನುಂಗಿತ್ತು. ಮೀಟರಿನ ಕೆಂಪು ವೈರನ್ನು ಬ್ಯಾಟರಿಯ ಪ್ಲಸ್ಸಿಗೆ, ಕಪ್ಪನ್ನು ಪಂಪಿನ ಪ್ಲಸ್ಸಿಗೆ ಇಟ್ಟರು: 0.3. ಈ ಕಡೆ ಪರವಾಗಿಲ್ಲ. ಪಂಪಿನ ಮೈನಸ್ಸಿನಿಂದ ಬ್ಯಾಟರಿಯ ಮೈನಸ್ಸಿಗೆ ಅಳೆದರು: 2.4. ಅಲ್ಲಿ 0.1, ಹೆಚ್ಚೆಂದರೆ 0.2 ಇರಬೇಕಾದದ್ದು.

"ಪಂಪ್ ಕೆಟ್ಟಿಲ್ಲ ಮಾಸ್ಟ್ರೆ. ಅದಕ್ಕೆ ಸಿಗುವ ಅರ್ಥಿಂಗೇ ಸರಿ ಇಲ್ಲ. ಇನ್ನು ಮೂರು ಪಂಪ್ ಹಾಕಿದ್ರೂ ಇದೇ ಆಗುವುದು."

ಹಿಂಬಾಗಿಲಿನ ಹೊಸ್ತಿಲ ಪ್ಲಾಸ್ಟಿಕ್ ಬಿಚ್ಚಿ ನೆಲಹಾಸು ಎತ್ತಿದರೆ, ಮಳೆನೀರು ಇಂಗಿ ಹಾಸು ಒದ್ದೆಯಾಗಿತ್ತು. ಅರ್ಥಿಂಗ್ ಬೋಲ್ಟಿನ ಸುತ್ತ ತುಕ್ಕು ಪದರಪದರವಾಗಿ ಎದ್ದಿತ್ತು. ಕಡಲ ಗಾಳಿಯ ಊರಿನಲ್ಲಿ ಇದೇನೂ ಅಪರೂಪವಲ್ಲ. ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವ ತನಕ ಮರಳುಕಾಗದದಲ್ಲಿ ತಿಕ್ಕಿ, ಹೊಸ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲೀನ್ ಸವರಿದರು. ಪಂಪಿನ ಸದ್ದು ಒಂದು ಶ್ರುತಿ ಏರಿದ್ದು ನನ್ನ ಕಿವಿಗೂ ತಿಳಿಯಿತು. ಮೀಟರಿನಲ್ಲಿ 0.08. ಮಾಸ್ತರರು ಕೇಳಿದಷ್ಟು ದುಡ್ಡು ಕೊಟ್ಟರು, ಆದರೆ "ಹಾಗಾದರೆ ಹೊಸತು ಏನೂ ಹಾಕಲಿಲ್ಲವಾ?" ಎಂದು ಎರಡು ಸಲ ಕೇಳಿದರು.

ಇಲ್ಲಿ ಓಮ್ ಅಳೆಯುವವರು ಮೋಸಹೋಗುತ್ತಾರೆ. ಕಾರಿನ ಪಂಪು ಸಾಮಾನ್ಯವಾಗಿ ಐದಾರು ಆಂಪಿಯರ್ ಕುಡಿಯುತ್ತದೆ. ಐದು ಆಂಪಿಯರ್ ಹರಿಯುವಾಗ 2.4 ವೋಲ್ಟ್ ಕಳೆದುಹೋದರೆ ತಡೆ ಅರ್ಧ ಓಮಿನಷ್ಟೂ ಇಲ್ಲ. ಅಗ್ಗದ ಮೀಟರಿನ ವೈರುಗಳಿಗೇ ಹೆಚ್ಚುಕಡಿಮೆ ಅಷ್ಟು ತಡೆ ಇರುತ್ತದೆ, ವ್ಯತ್ಯಾಸ ಕಣ್ಣಿಗೆ ಬೀಳುವುದಾದರೂ ಹೇಗೆ? ಇಪ್ಪತ್ತು ಎಳೆಯ ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಓಮ್ ಮೀಟರು 'ಸರಿ ಇದೆ' ಎಂದೇ ಹೇಳುತ್ತದೆ. ಒಬ್ಬ ದಾಟಬಹುದಾದ ಕಾಲುಸಂಕದ ಮೇಲೆ ಮದುವೆ ದಿಬ್ಬಣ ದಾಟಿಸಿದ ಹಾಗೆ. ಹಳಬರು ಮೀಟರಿಲ್ಲದೆಯೂ ಈ ಪರೀಕ್ಷೆ ಮಾಡುತ್ತಿದ್ದರು: ಪಂಪಿನ ಕಪ್ಲರಿಗೆ ಹೆಡ್‌ಲೈಟಿನ 55 ವಾಟಿನ ಬಲ್ಬು ಹಚ್ಚುವುದು. ಅದೂ ಪಂಪಿನಷ್ಟೇ, ನಾಲ್ಕೂವರೆ ಆಂಪಿಯರಿನಷ್ಟು ಎಳೆಯುತ್ತದೆ. ಬೆಳ್ಳಗೆ ಉರಿದರೆ ವೈರಿಂಗ್ ಸರಿ, ಕೆಂಪಗೆ ಮಂಕಾಗಿ ಉರಿದರೆ ದಾರಿಯಲ್ಲೆಲ್ಲೋ ತಡೆ. ಆದರೆ ಇದೇ ಬಲ್ಬನ್ನು ಇಸಿಯುವಿನ ವೈರಿಗೆ ಚುಚ್ಚಿದರೆ ಇಸಿಯು ಸುಟ್ಟೀತು. ಏರ್‌ಬ್ಯಾಗಿನ ಹಳದಿ ಕಪ್ಲರಿನ ಹತ್ತಿರವಂತೂ ಸುಳಿಯಬಾರದು.

ಫ್ಯೂಸು ಹೋಗಿದ್ದರೆ ಕೆಲಸ ಇನ್ನೊಂದು ಬಗೆ. 15 ಆಂಪಿಯರಿನ ನೀಲಿ ಫ್ಯೂಸನ್ನು ಒಮ್ಮೆ ಬದಲಾಯಿಸಬಹುದು. ಮತ್ತೆ ಹೋದರೆ ಎಲ್ಲೋ ಶಾರ್ಟ್ ಇದೆಯೆಂದು ಅರ್ಥ, ಇಲ್ಲವೇ ಪಂಪು ಜಾಮ್ ಆಗಿದೆ. ಆ ಜಾಗಕ್ಕೆ 30ರ ಹಸಿರು ಫ್ಯೂಸು ಹಾಕುವವರು, ಅದಕ್ಕಿಂತ ಕೆಟ್ಟದಾಗಿ ತಂತಿ ಸುತ್ತುವವರು, ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲೇ ಹಾದುಹೋಗುವ ವೈರಿಗೆ ಬೆಂಕಿಯ ದಾರಿ ತೆರೆಯುತ್ತಿದ್ದಾರೆ. ತಿಳಿದವರು ಫ್ಯೂಸಿನ ಜಾಗಕ್ಕೂ ಬಲ್ಬನ್ನೇ ಸಿಕ್ಕಿಸುತ್ತಾರೆ. ಪಂಪಿನ ಕಪ್ಲರ್ ಬಿಚ್ಚಿ, ರಿಲೇ ಎಳೆಸಿದ ಮೇಲೂ ಬಲ್ಬು ಪೂರ್ತಿ ಉರಿಯುತ್ತಿದ್ದರೆ ಶಾರ್ಟ್ ವೈರಿನಲ್ಲೇ ಇದೆ. ಆಗ ವೈರಿಂಗನ್ನು ಗೇಣುಗೇಣಾಗಿ ಅಲುಗಾಡಿಸುತ್ತ ಹೋಗುವುದು. ಎಲ್ಲಿ ಅಲುಗಾಡಿಸಿದಾಗ ಬಲ್ಬು ಆರುತ್ತದೋ ಅಲ್ಲಿ ಟೇಪು ಬಿಚ್ಚಿ ನೋಡುವುದು. ಹೆಚ್ಚಾಗಿ ಸೀಟಿನ ಹಳಿಯಡಿ ಸಿಕ್ಕಿ ಸವೆದ ವೈರು, ಇಲಿ ಕಡಿದ ಜಾಗ, ಇಲ್ಲವೇ ಅಲಾರಂ, ಸೆಂಟ್ರಲ್ ಲಾಕ್ ಹಾಕಿದವರು ಸುಲಿದು ಸುತ್ತಿಟ್ಟ ಜೋಡಣೆ.

ರಿಲೇ ವಿಚಾರದಲ್ಲೂ ಕಿವಿಯನ್ನು ಪೂರ್ತಿ ನಂಬುವಂತಿಲ್ಲ. 'ಟಕ್' ಎಂದರೆ ಅದರ ಕಾಯಿಲ್ ಎಳೆಯಿತು ಎಂದಷ್ಟೇ ಗೊತ್ತಾಗುತ್ತದೆ. ಒಳಗಿನ ಪಾಯಿಂಟು ಸುಟ್ಟು ಕರಕಲಾಗಿದ್ದರೂ ಟಕ್ ಎನ್ನುತ್ತದೆ. ಅದೇ ನಮೂನೆಯ ಹಾರ್ನ್ ರಿಲೇಯನ್ನು ಅದಲುಬದಲು ಮಾಡಿ ನೋಡುವುದು ಎಲ್ಲಕ್ಕಿಂತ ಸುಲಭ. ತೊಂಬತ್ತರ ದಶಕದ ಹೋಂಡಾಗಳ ಮೇನ್ ರಿಲೇ ಈ ವೃತ್ತಿಯವರಲ್ಲಿ ಲೋಕಪ್ರಸಿದ್ಧ: ಒಳಗಿನ ಬೆಸುಗೆ ಬಿರುಕುಬಿಟ್ಟು, ಬಿಸಿಲಲ್ಲಿ ನಿಲ್ಲಿಸಿದ ಕಾರು ಮಧ್ಯಾಹ್ನ ಸ್ಟಾರ್ಟ್ ಆಗುವುದಿಲ್ಲ, ಸಂಜೆ ತಣ್ಣಗಾದ ಮೇಲೆ ಏನೂ ಆಗದಂತೆ ಹೊರಡುತ್ತದೆ. ಗ್ಯಾರೇಜಿಗೆ ಬಂದಾಗ ಸರಿಯಿರುವ ಇಂಥ ಗಾಡಿಗಳೇ ಇವರಿಗೆ ತಲೆನೋವು. ಹೇರ್ ಡ್ರೈಯರಿನಿಂದ ರಿಲೇಗೆ ಬಿಸಿಗಾಳಿ ಊದಿ ದೋಷವನ್ನು ಬೇಕೆಂದೇ ಬರಿಸಿ ಹಿಡಿಯುವವರಿದ್ದಾರೆ.

ರಿಲೇ ಎಳೆಯುವುದೇ ಇಲ್ಲವೆಂದರೆ ಪಂಪಿನ ಮಾತು ಬಿಟ್ಟು ಇಸಿಯುವಿನ ಕಡೆ ತಿರುಗಬೇಕು. ಇಮೊಬಿಲೈಸರ್ ಕೀಲಿಯನ್ನು ಗುರುತಿಸುತ್ತಿಲ್ಲವೆ? ಸೆಲ್ಫ್ ಹೊಡೆಯುವಾಗ ಸ್ಕ್ಯಾನರಿನಲ್ಲಿ ಆರ್‌ಪಿಎಂ ಸೊನ್ನೆಯಲ್ಲೇ ನಿಂತಿದೆಯೆ? ಸೊನ್ನೆಯಿದ್ದರೆ ಕ್ರ್ಯಾಂಕ್ ಸೆನ್ಸರ್ ನೋಡಬೇಕು. ಸ್ಕ್ಯಾನರು ಪಿ0230 ಎಂದು ತೋರಿಸಿದರೆ ಪಂಪಿನ ಸರ್ಕಿಟ್ಟಿನಲ್ಲಿ ದೋಷವಿದೆ ಎಂದಷ್ಟೇ ಅದರ ಅರ್ಥ, ಪಂಪು ಬದಲಾಯಿಸಿ ಎಂದಲ್ಲ. ಪರದೆ ನೋಡಿ ಪಾರ್ಟ್ಸ್ ಚೀಟಿ ಬರೆಯುವುದನ್ನು ನಾನು ರಿಪೇರಿ ಎನ್ನಲಾರೆ.

2020ರ ಏಪ್ರಿಲ್ ಒಂದರಿಂದ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಈ ಕೆಲಸ ಬೈಕು ಸ್ಕೂಟರುಗಳಿಗೂ ಹಬ್ಬಿದೆ. ಟ್ಯಾಂಕಿನ ಕೆಳಗಿನ ಕಾಕ್ ತಿರುಗಿಸಿ ರಿಸರ್ವಿಗೆ ಹಾಕುವ ಕಾಲ ಹೋಯಿತು. ಕೀ ಆನ್ ಮಾಡಿದರೆ ಅಲ್ಲೂ ಪಂಪಿನ ಸದ್ದು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಎಷ್ಟು ಕಿಕ್ ಹೊಡೆದರೂ ಪ್ರಯೋಜನ ಕಡಿಮೆ. ಗಾಡಿ ಮಗುಚಿಬಿದ್ದರೆ ಪಂಪು ನಿಲ್ಲಿಸುವ ಸೆನ್ಸರೂ ಹಲವು ಬೈಕುಗಳಲ್ಲಿದೆ. ಎತ್ತಿ ನಿಲ್ಲಿಸಿ ಕೀ ಆಫ್ ಮಾಡಿ ಮತ್ತೆ ಆನ್ ಮಾಡಬೇಕೆಂಬುದು ಓಡಿಸುವವರಿಗೆ ತಿಳಿದಿರುವುದಿಲ್ಲ. ಕಿಲ್ ಸ್ವಿಚ್ ಆಫ್ ಆಗಿದ್ದನ್ನು ಗಮನಿಸದೆ ಬಿಸಿಲಲ್ಲಿ ತಳ್ಳಿಕೊಂಡು ಬರುವವರನ್ನು ಅಂಗಡಿಯವರು ನಗದೆ ಕಳಿಸುತ್ತಾರೆ, ದುಡ್ಡೂ ಕೇಳುವುದಿಲ್ಲ.

ಕಲಿಯುವುದು ಎಲ್ಲಿ? ಐಟಿಐಯಲ್ಲಿ ಎರಡು ವರ್ಷದ ಮೆಕ್ಯಾನಿಕ್ ಮೋಟಾರ್ ವೆಹಿಕಲ್ ಟ್ರೇಡ್ ಇದೆ. ಆದರೂ ಹೆಚ್ಚಿನವರು ಕಲಿತದ್ದು ಅಂಗಡಿಯಲ್ಲೇ, ಮೊದಲು ಟಾರ್ಚ್ ಹಿಡಿದು, ಆಮೇಲೆ ಟೇಪು ಸುತ್ತಿ. ಈಗಿನ ಕೆಲವು ಕಾರುಗಳಲ್ಲಿ ಪಂಪಿಗೆ ನೇರ 12 ವೋಲ್ಟ್ ಹೋಗುವುದಿಲ್ಲ. ಒಂದು ಮಾಡ್ಯೂಲು ಕರೆಂಟನ್ನು ಸೆಕೆಂಡಿಗೆ ಎಷ್ಟೋ ಸಲ ಕಡಿದು ಕಡಿದು ಕೊಟ್ಟು ವೇಗ ಹೊಂದಿಸುತ್ತದೆ. ಅಲ್ಲಿ ಬಲ್ಬಿನ ಪಾಠ ಸಾಲದು, ಆಸಿಲೋಸ್ಕೋಪ್ ಬೇಕು. ಅದಕ್ಕೆ ಕರೆಂಟ್ ಕ್ಲ್ಯಾಂಪ್ ಸೇರಿಸಿ ಪಂಪಿನ ವೈರಿಗೆ ಹಿಡಿದರೆ, ಮೋಟಾರಿನ ಕಮ್ಯುಟೇಟರಿನ ಒಂದೊಂದು ಪಟ್ಟಿಯೂ ಪರದೆಯ ಮೇಲೆ ಒಂದೊಂದು ದಿಣ್ಣೆಯಾಗಿ ಕಾಣುತ್ತದೆ. ಪ್ರತಿ ಸುತ್ತಿಗೂ ಒಂದು ದಿಣ್ಣೆ ತಗ್ಗಿದ್ದರೆ ಆ ಪಟ್ಟಿ ಸವೆದಿದೆ; ಪಂಪು ಇನ್ನೂ ಓಡುತ್ತಿರುವಾಗಲೇ, ಟ್ಯಾಂಕಿನ ಮುಚ್ಚಳ ತೆಗೆಯದೆಯೇ ಗೊತ್ತಾಗುತ್ತದೆ. ಒಳ್ಳೆಯ ಮಲ್ಟಿಮೀಟರಿನ ಹಲವು ಪಟ್ಟು ಬೆಲೆಯ ಈ ಉಪಕರಣವನ್ನು ಚಿಕ್ಕ ಅಂಗಡಿಯವರು ಕೊಳ್ಳಬೇಕಾದರೆ, ಹಾಕಿದ ಸಾಮಾನಿಗೆ ಮಾತ್ರವಲ್ಲ, ಹುಡುಕಿದ ಕೆಲಸಕ್ಕೂ ಗಿರಾಕಿ ದುಡ್ಡು ಕೊಡಬೇಕು. ಇದನ್ನು ಕೇಳಲು ಸಂಕೋಚಪಡುತ್ತಿದ್ದ ಕೆಲವರು ಈಗ ಅಂಗಡಿಯ ಗೋಡೆಗೆ 'ಚೆಕಿಂಗ್ ಚಾರ್ಜ್ ಬೇರೆ' ಎಂದು ಬರೆಸಿದ್ದಾರೆ.